ಕಂಬಳಿ ಉಣ್ಣೆಯ ಫ್ಲೈ, ಜಿಲೇಬಿ ಮೀನು: ಭತ್ತದ ನಾಡಿನಲ್ಲಿ ನನ್ನ ಅನುಭವ

ಎರೆಹುಳು ಚುಚ್ಚಿದ ಗಾಳವನ್ನು ದೂರಕ್ಕೆ ಒಯ್ಯುವುದು ಸೀಸದ ಗುಂಡು. ಫ್ಲೈ ಎಂದರೆ ಹುಳದಂತೆ ಕಾಣಲೆಂದು ಗಾಳದ ಮೇಲೆ ಕಟ್ಟಿದ ನಕಲಿ ಹುಳ, ಅದಕ್ಕೆ ಹೇಳಿಕೊಳ್ಳುವಂಥ ತೂಕವೇ ಇಲ್ಲ. ಒಂದು ಚಿಟಿಕೆ ಉಣ್ಣೆ, ನಾಲ್ಕು ಎಳೆ ಗರಿ, ಅಷ್ಟೇ. ಅದನ್ನು ಒಯ್ಯುವುದು ಪ್ಲಾಸ್ಟಿಕ್ ಲೇಪದ ದಪ್ಪ ಲೈನು. ಬೀಸುವುದು ಲೈನನ್ನು, ಫ್ಲೈ ಅದರ ಹಿಂದೆ ಹೋಗುತ್ತದೆ. ಸಿರುಗುಪ್ಪ, ಗಂಗಾವತಿ, ಸಿಂಧನೂರು ಸುತ್ತಿನ ಭತ್ತದ ಸೀಮೆಯಲ್ಲಿ ಕಾಲುವೆಯ ಬಸಿನೀರು ಸೇರುವ ಹಳ್ಳ, ಕೆರೆ, ಕೃಷಿ ಹೊಂಡಗಳಲ್ಲಿ ಈ ಆಟಕ್ಕೆ ಹೇಳಿ ಮಾಡಿಸಿದ ಮೀನಿದೆ. ಮುಖ್ಯವಾಗಿ ತಿಲಾಪಿಯ, ಅಂದರೆ ಜಿಲೇಬಿ ಮೀನು. ಅದರ ನಂತರ ಕೊರಮೀನು.

ಮೊದಲು ನೀರಿನ ಆಯ್ಕೆ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿ.ಮೀ. ಹರಿವು 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು. ಅಲ್ಲಿನ ಮೀನು ನೀರುನಾಯಿಯ ಪಾಲು, ಅಲ್ಲಿ ನಾನು ಗಾಳ ಬಿಡುವುದಿಲ್ಲ. ಕೆರೆಗಳ ಮೀನಿನ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರುತ್ತದೆ. ಅವರನ್ನು ಕೇಳದೆ ದಂಡೆಗೆ ಇಳಿಯಬಾರದು. ಜಿಲೇಬಿ ಮಾತ್ರ ಹಿಡಿಯುತ್ತೇನೆ, ಕಾಟ್ಲಾ ರೋಹು ಸಿಕ್ಕರೆ ನೀರಿಗೇ ಬಿಡುತ್ತೇನೆ ಎಂದರೆ ಬೇಡ ಅನ್ನುವವರು ಕಡಿಮೆ. ಅವರು ಬಿತ್ತಿದ ಮರಿಗಳ ಜೊತೆ ಮೇವಿಗೆ ಪೈಪೋಟಿ ಮಾಡುವುದು ಈ ಜಿಲೇಬಿಯೇ. ಮೊಜಾಂಬಿಕ್ ತಿಲಾಪಿಯ ನಮ್ಮ ದೇಶದ್ದಲ್ಲ, 1952ರಲ್ಲಿ ತಂದು ಬಿಟ್ಟದ್ದು.

ಮುಖ್ಯ ಕಾಲುವೆಯ ಹತ್ತಿರ ಹೋಗುವುದೇ ಬೇಡ. ಸಿಮೆಂಟಿನ ಇಳಿಜಾರಿಗೆ ಪಾಚಿ ಕಟ್ಟಿರುತ್ತದೆ, ಜಾರಿ ಬಿದ್ದರೆ ಈಜು ಬಲ್ಲವರಿಗೂ ಹತ್ತಿ ಬರಲು ಆಸರೆ ಸಿಗುವುದಿಲ್ಲ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡವೂ ಹಾಗೆಯೇ, ಹಾಳೆಯ ಮೇಲೆ ಕಾಲಿಡದೆ ಬದುವಿನ ಮೇಲೆಯೇ ನಿಲ್ಲಬೇಕು. ನದಿ ಪಾತ್ರದಲ್ಲಿ ತುಂಗಭದ್ರಾ ಅಣೆಕಟ್ಟೆಯ ಸುದ್ದಿ ತಿಳಿಯದೆ ಇಳಿಯುವುದು ಅಪಾಯ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾದಾಗ ನೀರು ಹೇಗೆ ನುಗ್ಗಿತೆಂದು ಈ ಭಾಗದವರಿಗೆ ಬೇರೆ ಹೇಳಬೇಕಿಲ್ಲ. ರಾಯಚೂರು ಕಡೆ ಕೃಷ್ಣೆಯಲ್ಲಿ ಮೊಸಳೆಯಿದೆ, ಅಲ್ಲಿ ಮೊಣಕಾಲುದ್ದ ನೀರೂ ಬೇಡ.

ಸಾಮಾನಿನ ವಿಷಯ ಚಿಕ್ಕದು. 9 ಅಡಿಯ, 5ನೇ ನಂಬರಿನ ರಾಡು, ಅದೇ ನಂಬರಿನ ತೇಲುವ ಲೈನು. ಈ ನಂಬರು ಲೈನಿನ ತೂಕದ ಲೆಕ್ಕ. ಲೈನು ಕೊಳ್ಳುವಾಗ ಮಾತ್ರ ಎಚ್ಚರ ಬೇಕು. ತಣ್ಣೀರಿನ ಟ್ರೌಟ್ ಮೀನಿಗೆಂದು ಮಾಡಿದ ಲೈನು ನಮ್ಮ ಬಿಸಿಲಿಗೆ ಮೆತ್ತಗಾಗಿ ಅಂಟುತ್ತದೆ, ರಾಡಿನ ಉಂಗುರಗಳಲ್ಲಿ ಜಾರುವುದಿಲ್ಲ, ಬೀಸು ಅರ್ಧಕ್ಕೇ ಸಾಯುತ್ತದೆ. ಉಷ್ಣ ಪ್ರದೇಶಕ್ಕೆಂದೇ ಮಾಡಿದ ಗಟ್ಟಿ ತಿರುಳಿನ ಲೈನು ಸಿಗುತ್ತದೆ, ಅದನ್ನೇ ಕೇಳಿ ತರಿಸಬೇಕು. ಬೈಕಿನ ಬಾಕ್ಸಿನಲ್ಲಿ ಮಧ್ಯಾಹ್ನವೆಲ್ಲ ಬಿಡಬಾರದು. ವಾರಕ್ಕೊಮ್ಮೆ ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಎರೆಮಣ್ಣಿನ ಪದರ ಹೋಗುತ್ತದೆ.

ಲೈನಿನ ತುದಿಗೆ ಕ್ರಮವಾಗಿ ಸಣ್ಣದಾಗುವ ನೈಲಾನ್ ಎಳೆ ಬೇಕು, ಇದನ್ನು ಲೀಡರ್ ಎನ್ನುತ್ತಾರೆ. ನಾನು ಗಂಟು ಹಾಕಿಯೇ ಮಾಡಿಕೊಳ್ಳುತ್ತೇನೆ. 0.45 ಮಿ.ಮೀ. ದಪ್ಪದ ಎಳೆ 120 ಸೆಂ.ಮೀ., ಅದಕ್ಕೆ 0.35ರದ್ದು 60, ಮುಂದೆ 0.28ರದ್ದು 40, ಕೊನೆಗೆ 0.20ರದ್ದು 60 ಸೆಂ.ಮೀ. ಎರಡು ಎಳೆಗಳನ್ನು ಜೋಡಿಸಿ ಹಿಡಿದು ಕುಣಿಕೆ ಮಾಡಿ, ಅದರೊಳಗಿಂದ ಮೂರು ಸಲ ತೂರಿಸಿ, ಎಂಜಲು ಹಚ್ಚಿ ನಿಧಾನ ಎಳೆಯಬೇಕು. ಒಣಗಿದ್ದಂತೆಯೇ ಎಳೆದರೆ ನೈಲಾನ್ ಉಜ್ಜಿ ಬಿಸಿಯಾಗಿ ಗಂಟಿನಲ್ಲೇ ದುರ್ಬಲವಾಗುತ್ತದೆ. ಮೀನು ಕಿತ್ತುಕೊಂಡು ಹೋಗುವುದು ಬಹುಪಾಲು ಅಲ್ಲಿಯೇ.

ಫ್ಲೈ ಕಟ್ಟುವುದು ನನಗೆ ಮೀನು ಹಿಡಿಯುವಷ್ಟೇ ಇಷ್ಟದ ಕೆಲಸ, ಬೇಕಾದದ್ದೆಲ್ಲ ಇಲ್ಲಿಯೇ ಸಿಗುತ್ತದೆ. ಕಂಬಳಿ ನೇಯುವವರ ಮನೆಯಲ್ಲಿ ಉಳಿದ ಕರಿ ಕುರಿಯ ಉಣ್ಣೆ, ಮೋಟರ್ ರೀವೈಂಡಿಂಗ್ ಅಂಗಡಿಯ ತುಂಡು ತಾಮ್ರದ ತಂತಿ, ಕೋಳಿ ಅಂಗಡಿಯ ಹುಂಜದ ಕತ್ತಿನ ಗರಿ, ಎಂಬ್ರಾಯ್ಡರಿ ಮಷೀನಿನ ಕಪ್ಪು ದಾರ. ಟೈಲರ್ ದಾರ ದಪ್ಪ, ಸಣ್ಣ ಗಾಳಕ್ಕೆ ಹೊಂದುವುದಿಲ್ಲ. ಉಣ್ಣೆಯನ್ನು ಅಂಟುವಾಳದ ನೀರಿನಲ್ಲಿ ಎರಡು ಸಲ ತೊಳೆಯಲೇಬೇಕು. ಕುರಿಯ ಮೈ ಜಿಡ್ಡು ಉಳಿದರೆ ಉಣ್ಣೆ ನೀರು ಹಿಡಿಯುವುದಿಲ್ಲ, ಮುಳುಗಬೇಕಾದ ಫ್ಲೈ ತೇಲುತ್ತಲೇ ಇರುತ್ತದೆ.

12ನೇ ನಂಬರಿನ ಗಾಳವನ್ನು (ನಂಬರು ಹೆಚ್ಚಿದಷ್ಟೂ ಗಾಳ ಸಣ್ಣದು) ಕೈ ವೈಸಿನಲ್ಲಿ ಬಿಗಿದು, ಮೊನೆಯ ಹಿಂದಿನ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡುತ್ತೇನೆ. ಗಾಳದ ಮುಂಭಾಗದಲ್ಲಿ 28 ಗೇಜಿನ ತಂತಿಯನ್ನು ಹತ್ತು ಸುತ್ತು ಸುತ್ತುವುದು ಭಾರಕ್ಕೆ. ಅದರ ಮೇಲೆ ದಾರ ಓಡಿಸಿ, ಹಿಂಬದಿಗೆ ಐದಾರು ಎಳೆ ಗರಿ ಬಾಲವಾಗಿ ಕಟ್ಟಿ, ಅಲ್ಲೇ 36 ಗೇಜಿನ ತಂತಿಯ ತುದಿಯನ್ನೂ ಸಿಕ್ಕಿಸಬೇಕು. ಉಣ್ಣೆಯನ್ನು ದಾರಕ್ಕೆ ಬೆರಳಿನಿಂದ ಹೊಸೆದು, ಊದುಬತ್ತಿಯ ಕಡ್ಡಿಯಷ್ಟು ತೆಳ್ಳಗೆ ಮುಕ್ಕಾಲು ಭಾಗದವರೆಗೆ ಸುತ್ತಿ, ಸಣ್ಣ ತಂತಿಯನ್ನು ಅದರ ಮೇಲೆ ಎದುರು ದಿಕ್ಕಿನಲ್ಲಿ ಐದು ಸುತ್ತು ತರಬೇಕು. ಒಂದೇ ದಿಕ್ಕಿನಲ್ಲಿ ಸುತ್ತಿದರೆ ತಂತಿ ಉಣ್ಣೆಯೊಳಗೆ ಹುದುಗಿ ಹೋಗುತ್ತದೆ. ಎದೆಯ ಭಾಗಕ್ಕೆ ಇನ್ನಷ್ಟು ಉಣ್ಣೆ, ಸೂಜಿಯಿಂದ ಕೆದರಿ ಕಾಲಿನಂತೆ ಬಿಡುವುದು. ಕೊನೆಗೆ ಗಂಟು, ಮೇಲೊಂದು ಹನಿ ಉಗುರು ಬಣ್ಣ. ಹೊಸಬರು ತಪ್ಪುವುದು ಎರಡು ಕಡೆ. ಉಣ್ಣೆ ಹೆಚ್ಚು ಹಾಕುತ್ತಾರೆ, ಮೀನು ಉಣ್ಣೆ ಕಚ್ಚಿ ಬಿಟ್ಟು ಹೋಗುತ್ತದೆ. ಗಾಳದ ಕಣ್ಣಿನವರೆಗೂ ಸುತ್ತುತ್ತಾರೆ, ಆಮೇಲೆ ನೈಲಾನ್ ತೂರುವುದಿಲ್ಲ. ಕಣ್ಣಿನ ಹಿಂದೆ ಒಂದೂವರೆ ಮಿ.ಮೀ. ಖಾಲಿ ಬಿಡಿ. ನೋಡಲು ಇದು ಕೊಡತಿ ಹುಳದ ಮರಿಯ ಹಾಗಿರುತ್ತದೆ, ಕೆರೆಯ ತಳದಲ್ಲಿ ಮೀನಿಗೆ ಸಿಗುವುದೂ ಅಂಥದೇ. ಕೆಸರು ಹೆಚ್ಚಿದ್ದಲ್ಲಿ ಸ್ವೆಟರಿನ ಕೆಂಪು ಉಣ್ಣೆಯಿಂದ ತೆಳ್ಳಗೆ ಕಟ್ಟಿದ 14ನೇ ನಂಬರು ಮೇಲು.

ಬೀಸುವಾಗ ದೊಡ್ಡ ತೊಡಕು ಬಳ್ಳಾರಿ ಜಾಲಿ. ದಂಡೆಯ ತುಂಬ ಅದೇ, ಹಿಂದಕ್ಕೆ ಹೋದ ಫ್ಲೈ ಅದಕ್ಕೇ ಸಿಕ್ಕುತ್ತದೆ, ಮುಳ್ಳು ಲೈನಿನ ಲೇಪವನ್ನೂ ಸೀಳುತ್ತದೆ. ಅಂಥಲ್ಲಿ ಹಿಂಬೀಸು ಬಿಟ್ಟುಬಿಡಬೇಕು. ರಾಡನ್ನು ನಿಧಾನವಾಗಿ ಕಿವಿಯ ಪಕ್ಕಕ್ಕೆ ತಂದು ನಿಲ್ಲಿಸಿದರೆ ಲೈನು ಹಿಂದೆ ಬಿಲ್ಲಿನಂತೆ ಜೋತು ಬೀಳುತ್ತದೆ, ತುದಿ ನೀರಿನಲ್ಲೇ ಇರುತ್ತದೆ. ಒಂದು ಕ್ಷಣ ತಡೆದು ಮುಂದಕ್ಕೆ ಜೋರಾಗಿ ಹೊಡೆದು ಗಕ್ಕನೆ ನಿಲ್ಲಿಸಬೇಕು. ನೀರಿನ ಹಿಡಿತವೇ ರಾಡನ್ನು ಬಗ್ಗಿಸುವುದು, ಒಣ ನೆಲದ ಮೇಲೆ ಅಭ್ಯಾಸ ಮಾಡಿದರೆ ಇದು ಬರುವುದಿಲ್ಲ. ಏಳೆಂಟು ಮೀಟರ್ ದೂರ ಸಾಕು. ಬಲಗೈಯಲ್ಲಿ ಬೀಸುವವರು ಗಾಳಿ ಎಡ ಭುಜದ ಕಡೆಯಿಂದ ಬರುವಂತೆ ನಿಲ್ಲಿ, ಬಲದಿಂದ ಬಂದರೆ ಗಾಳ ಮುಖಕ್ಕೇ ಬರುತ್ತದೆ. ಕನ್ನಡಕ, ಟೋಪಿ ಇಲ್ಲದೆ ರಾಡು ಎತ್ತುವುದೇ ಬೇಡ.

ಬೇಸಿಗೆಯಲ್ಲಿ ಬೆಳಗ್ಗೆ ಆರರಿಂದ ಎಂಟೂವರೆ, ಚಳಿಗಾಲದಲ್ಲಿ ನೀರಿಗೆ ಬಿಸಿಲು ಬಿದ್ದ ಮೇಲೆ ಒಂಬತ್ತರಿಂದ ಹನ್ನೊಂದು. ದಂಡೆಯ ಹತ್ತಿರ ತಟ್ಟೆಯಾಕಾರದ ಗುಂಡಿಗಳು ಕಂಡರೆ ಅವು ಜಿಲೇಬಿಯ ಗೂಡು. ಗಂಡು ಅಲ್ಲಿ ಕಾವಲಿರುತ್ತದೆ, ಒಳಬಂದದ್ದನ್ನು ಬಾಯಲ್ಲಿ ಎತ್ತಿ ಹೊರಗೆ ಉಗುಳುತ್ತದೆ. ಹಾಗಾಗಿ ಫ್ಲೈಯನ್ನು ಗುಂಡಿಯ ಆಚೆ ಬೀಳಿಸಿ, ತಳ ಮುಟ್ಟಲು ಬಿಟ್ಟು, ಬೆರಳಿನಲ್ಲಿ ಐದೈದು ಸೆಂ.ಮೀ. ಎಳೆದು ತರುತ್ತೇನೆ. ಕೈಗೆ ಜಗ್ಗು ತಿಳಿಯುವುದೇ ಇಲ್ಲ. ಲೈನಿನ ತುದಿ ನಿಂತಂತಾದರೆ, ಇಲ್ಲವೇ ಎಳ್ಳಷ್ಟು ಪಕ್ಕಕ್ಕೆ ಸರಿದರೆ, ಆಗಲೇ ರಾಡು ಮೆಲ್ಲಗೆ ಎತ್ತಬೇಕು. ಜಗ್ಗು ಬರಲೆಂದು ಕಾದರೆ ಅದು ಉಗುಳಿಯಾಗಿರುತ್ತದೆ.

ಕೊರಮೀನಿಗೆ ಇದೇ ರಾಡು ಸ್ವಲ್ಪ ಸಣ್ಣದೇ. ಸವೆದ ಹವಾಯಿ ಚಪ್ಪಲಿಯ ಅಟ್ಟೆಯನ್ನು ಕತ್ತರಿಸಿ 4ನೇ ನಂಬರಿನ ಗಾಳಕ್ಕೆ ಅಂಟಿಸಿದರೆ ತೇಲುವ ಕಪ್ಪೆಯಾಗುತ್ತದೆ. ಲೀಡರ್ ತುದಿ 0.35 ಇರಲಿ, ಅದರ ಹಲ್ಲಿಗೆ ಸಣ್ಣ ಎಳೆ ನಿಲ್ಲುವುದಿಲ್ಲ. ಜೊಂಡಿನ ಅಂಚಿನಲ್ಲಿ ಅದು ಗಾಳಿ ಕುಡಿಯಲು ಮೇಲೆ ಬಂದ ಜಾಗಕ್ಕೆ ಒಂದು ಮೊಳ ಮುಂದೆ ಬೀಳಿಸಿ. ಇಲ್ಲಿ ರಾಡು ಎತ್ತಬೇಡಿ, ಲೈನನ್ನೇ ಕೈಯಿಂದ ಬಲವಾಗಿ ಎಳೆಯಿರಿ, ಬಾಯಿ ಎಲುಬಿನಂತೆ ಗಟ್ಟಿ. ಕೆಂಪು ಮರಿಗಳ ಗುಂಪು ನೀರ ಮೇಲೆ ಕುದಿಯುವಂತೆ ಕಂಡರೆ ಕೆಳಗೆ ತಾಯಿತಂದೆ ಕಾವಲಿವೆ. ಅವನ್ನು ಹಿಡಿದರೆ ಮರಿಗಳೆಲ್ಲ ಬೇರೆ ಮೀನಿನ ಬಾಯಿಗೆ. ನಾನು ಆ ಜಾಗ ಬಿಟ್ಟು ನಡೆಯುತ್ತೇನೆ.

ಭತ್ತಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಬಸಿನೀರಿನ ಹಳ್ಳದ ಮೀನು ಮನೆಗೆ ತರಬೇಡಿ. ಮಿಕ್ಕ ದಿನ ಕೆರೆಯ ಜಿಲೇಬಿ ಅಂಗೈಯಗಲದ್ದು ನಾಲ್ಕು ಸಾಕು. ಮಣ್ಣಿನ ವಾಸನೆ ಹೋಗಲು ಹೊಟ್ಟೆಯೊಳಗಿನ ಕಪ್ಪು ಪೊರೆ ಕೆರೆದು ತೆಗೆದು, ಹುಳಿ ಮಜ್ಜಿಗೆಯಲ್ಲಿ 20 ನಿಮಿಷ ನೆನೆಸಿ ತೊಳೆಯಬೇಕು. ಆ ವಾಸನೆಯನ್ನು ಮುರಿಯುವುದು ಹುಳಿಯೇ. ಅರ್ಧ ಕಿಲೋ ಮೀನಿಗೆ ಎರಡು ಚಮಚ ಬ್ಯಾಡಗಿ ಖಾರ, ಅರ್ಧ ಚಮಚ ಅರಿಶಿನ, ಒಂದು ಚಮಚ ಉಪ್ಪು, ಒಂದು ದೊಡ್ಡ ಚಮಚ ಶುಂಠಿ ಬೆಳ್ಳುಳ್ಳಿ, ನೆಲ್ಲಿಕಾಯಿ ಗಾತ್ರದ ಹುಣಸೆಯ ಗಟ್ಟಿ ರಸ. ಅರ್ಧ ಗಂಟೆ ಬಿಟ್ಟು, ಅಕ್ಕಿ ಹಿಟ್ಟಿನಲ್ಲಿ ಹೊರಳಿಸಿ, ರೊಟ್ಟಿ ಹಂಚಿನ ಮೇಲೆ ಎಣ್ಣೆ ಹಾಕಿ ಒಂದೊಂದು ಮಗ್ಗುಲು ಐದು ನಿಮಿಷ. ಮೊದಲ ಮಗ್ಗುಲು ಬಿಡುವವರೆಗೆ ತಿರುವಬೇಡಿ, ಹಿಟ್ಟೆಲ್ಲ ಹಂಚಿಗೆ ಹತ್ತುತ್ತದೆ. ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಹಸಿ ಉಳ್ಳಾಗಡ್ಡಿ ಪಕ್ಕಕ್ಕಿರಲಿ.