ಶಿರ್ಮಾಕರ್ ಮಣ್ಣು ಹೈಡ್ರೋಜನ್ ಉಣ್ಣುವುದನ್ನು ಅಳೆದ ಬಗೆ: ನನ್ನ ಅನುಭವ

ಅಂಟಾರ್ಕ್ಟಿಕಾದ ಒಣಮಣ್ಣಿನಲ್ಲಿ ಜೀವಕ್ರಿಯೆ ನಡೆದಿದೆಯೇ ಎಂದು ತಿಳಿಯಲು ಕಾರ್ಬನ್ ಡೈಆಕ್ಸೈಡ್ ಬಿಟ್ಟು ಮುಚ್ಚಿದ ಬಾಟಲಿಯಲ್ಲಿ ಮಣ್ಣು ಹೈಡ್ರೋಜನ್ನನ್ನು ಎಷ್ಟು ಇಳಿಸುತ್ತದೆಂದು ಅಳೆಯುತ್ತೇನೆ ಎಂದಾಗ ನಮ್ಮ ವಿಭಾಗದಲ್ಲಿ ಯಾರೂ ಒಪ್ಪಲಿಲ್ಲ. ಬಾಟಲಿ ಸೋರಿ ಹೈಡ್ರೋಜನ್ ಕಡಿಮೆಯಾಗುವುದನ್ನೇ ಜೀವ ಎಂದುಕೊಳ್ಳುತ್ತೀಯೆ ಎಂದರು ಕೆಲವರು. ಅಂಟಾರ್ಕ್ಟಿಕಾದ್ದೇ ಆದ ಮೆಕ್‌ಮರ್ಡೊ ಒಣ ಕಣಿವೆಗಳ ಯೂನಿವರ್ಸಿಟಿ ವ್ಯಾಲಿಯಲ್ಲಿ ಸೂಕ್ಷ್ಮಜೀವಿಗಳ ಚಟುವಟಿಕೆಯ ಸುಳಿವೇ ಸಿಗಲಿಲ್ಲವೆಂದು ಕೆನಡಾದ ತಂಡ 2016ರಲ್ಲಿ ಬರೆದದ್ದನ್ನು ಇನ್ನು ಕೆಲವರು ಮುಂದಿಟ್ಟರು. ಮರುವರ್ಷವೇ ಆಸ್ಟ್ರೇಲಿಯಾದ ತಂಡವೊಂದು ಪೂರ್ವ ಅಂಟಾರ್ಕ್ಟಿಕಾದ ರಾಬಿನ್ಸನ್ ರಿಡ್ಜ್ ಮಣ್ಣಿನ ಬ್ಯಾಕ್ಟೀರಿಯಾಗಳು ಗಾಳಿಯಲ್ಲಿನ ಹೈಡ್ರೋಜನ್ ಮತ್ತು ಕಾರ್ಬನ್ ಮಾನಾಕ್ಸೈಡ್‌ಗಳಿಂದ ಶಕ್ತಿ ಪಡೆಯುತ್ತವೆ ಎಂದು ‘ನೇಚರ್’ನಲ್ಲಿ ತೋರಿಸಿತ್ತು. ನನ್ನ ಧೈರ್ಯಕ್ಕೆ ಅದೊಂದೇ ಆಧಾರ.

ಕಾರ್ಬನ್ ಡೈಆಕ್ಸೈಡನ್ನು ಏಕೆ ಬಿಟ್ಟೆ ಎಂಬುದು ಈ ಕೆಲಸ ಮಾಡಿದವರಿಗೆ ಗೊತ್ತೇ ಇರುತ್ತದೆ. ತಂಪಾದಾಗ ಕಣಗಳ ಮೇಲಿನ ತೆಳು ನೀರಿನ ಪೊರೆಯಲ್ಲಿ ಅದು ಕರಗುತ್ತದೆ, ಬಿಸಿಯಾದಾಗ ಹೊರಬರುತ್ತದೆ. ಹೋಲಿಕೆಗೆಂದು ಸೂಕ್ಷ್ಮಜೀವಿಗಳನ್ನು ಕೊಂದ ಮಣ್ಣೂ ಉಸಿರಾಡುವಂತೆ ಗ್ರಾಫ್ ಬರುತ್ತದೆ. ಡಿಎನ್‌ಎ ನೋಡೋಣವೆಂದರೆ, ಸತ್ತ ಜೀವಕೋಶಗಳ ಡಿಎನ್‌ಎಯೂ ಆ ಚಳಿಯಲ್ಲಿ ಬಹುಕಾಲ ಕೆಡದೆ ಉಳಿಯುವುದರಿಂದ, ಅಲ್ಲಿ ಯಾರಿದ್ದರು ಎಂಬುದು ತಿಳಿಯುತ್ತದೆಯೇ ಹೊರತು ಯಾರು ದುಡಿಯುತ್ತಿದ್ದಾರೆ ಎಂಬುದಲ್ಲ.

ಮಣ್ಣು ಅಂಟಾರ್ಕ್ಟಿಕಾದಲ್ಲಿರುವ ಭಾರತದ ಸಂಶೋಧನಾ ನೆಲೆ ಮೈತ್ರಿಯ ಸುತ್ತಲಿನ ಹಿಮವಿಲ್ಲದ ನೆಲ, ಶಿರ್ಮಾಕರ್ ಓಯಸಿಸ್‌ನದು. ಕೆರೆಗಳ ಅಂಚನ್ನು ಬೇಕೆಂದೇ ತಪ್ಪಿಸಿ, ಪಾಚಿ ಕಾಣದ ಒಣ ದಿಬ್ಬಗಳಲ್ಲಿ ಮೇಲಿನ ಎರಡು ಮೂರು ಸೆಂಟಿಮೀಟರ್ ಪದರವನ್ನಷ್ಟೇ ತೆಗೆದಿದ್ದೆವು. ಅದು ಹೆಪ್ಪುಗಟ್ಟಿದ ಸ್ಥಿತಿಯಲ್ಲೇ ಬೆಂಗಳೂರು ಸೇರಿತು.

ಮೊದಲ ವರ್ಷವನ್ನೆಲ್ಲ ರಬ್ಬರ್ ಬಿರಡೆಗಳೇ ತಿಂದವು. ಸೀರಂ ಬಾಟಲಿಗೆ ಹಾಕುವ ಬ್ಯೂಟೈಲ್ ರಬ್ಬರ್ ತಾನೇ ಹೈಡ್ರೋಜನ್ ಬಿಡುತ್ತದೆ. ಮಣ್ಣಿಲ್ಲದ ಖಾಲಿ ಬಾಟಲಿಯಲ್ಲೂ ವಾರಕ್ಕೊಮ್ಮೆ ನೋಡಿದರೆ ಅಂಕಿ ಏರುತ್ತಲೇ ಇತ್ತು, ಮತ್ತು ಮಣ್ಣು ಉಂಡದ್ದನ್ನು ಬಿರಡೆ ತುಂಬಿಕೊಡುತ್ತಿತ್ತು. ಹೊರದೇಶದಿಂದ ತರಿಸಿದ ದುಬಾರಿ ಬಿರಡೆಗಳೂ ಅಷ್ಟೇ. ಕೊನೆಗೆ ಕಾಸ್ಟಿಕ್ ಸೋಡಾದ ತೆಳು ದ್ರಾವಣದಲ್ಲಿ ಕುದಿಸಿದ ಮೇಲೆ ಏರಿಕೆ ಬಹುಪಾಲು ನಿಂತಿತು. ಕುದಿಸಿದ ನಂತರ ನಾನು ಮಾಡುವ ಇನ್ನೊಂದು ಸಂಸ್ಕಾರವಿದೆ; ಪ್ರಬಂಧ ಅಚ್ಚಾಗುವವರೆಗೆ ಅದು ನನ್ನ ಬಳಿಯೇ ಇರಲಿ.

ಎರಡನೆಯ ತೊಡಕು ನಮ್ಮದೇ ಗಾಳಿ. ಹೈಡ್ರೋಜನ್ ವಾತಾವರಣದಲ್ಲಿ ಎಲ್ಲೆಡೆ ಸುಮಾರು 0.53 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ) ಇರುತ್ತದೆ, ಆದರೆ ವಾಹನಗಳ ಹೊಗೆಯಲ್ಲೂ ಅದಿದೆ. ರಸ್ತೆಗೆ ಅಂಟಿಕೊಂಡ ನಮ್ಮ ಪ್ರಯೋಗಾಲಯದಲ್ಲಿ ಸಂಜೆ ಮುಚ್ಚಿದ ಬಾಟಲಿಗೂ ನಸುಕಿನಲ್ಲಿ ಮುಚ್ಚಿದ ಬಾಟಲಿಗೂ ಆರಂಭದ ಅಂಕಿಯೇ ಬೇರೆ. ಆದ್ದರಿಂದ ಸಿಲಿಂಡರಿನ ಶುದ್ಧ ಗಾಳಿ ತುಂಬಿ, ಹೈಡ್ರೋಜನ್ನನ್ನು ಹತ್ತು ಪಿಪಿಎಂ ಆಸುಪಾಸಿಗೆ ಸೇರಿಸಿ ಆರಂಭಿಸಿದೆ.

ಖರ್ಚಿನ ಮಾತು ಹೇಳಲೇಬೇಕು. ಅನಿಲಗಳನ್ನು ಬೇರ್ಪಡಿಸಿ ಅಳೆಯುವ ನಮ್ಮ ಹಳೆಯ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನ ಡಿಟೆಕ್ಟರ್‌ಗಳಲ್ಲಿ ಎಫ್‌ಐಡಿಗೆ (ಜ್ವಾಲೆಯಿಂದ ಅಯಾನೀಕರಿಸಿ ಗುರುತಿಸುವುದು) ಹೈಡ್ರೋಜನ್ ಕಾಣುವುದಿಲ್ಲ, ಟಿಸಿಡಿಗೆ (ಉಷ್ಣವಾಹಕತೆಯಿಂದ ಗುರುತಿಸುವುದು) ಇಷ್ಟು ಸಣ್ಣ ಪ್ರಮಾಣ ನಿಲುಕುವುದಿಲ್ಲ. ಹೀಲಿಯಂ ಅಯಾನೀಕರಣ ಡಿಟೆಕ್ಟರ್ ಇರುವ ಇನ್ನೊಂದು ಕಡೆ ಮಾದರಿಗೆ ನಾನೂರು ರೂಪಾಯಿಯಂತೆ ತೆತ್ತು ಅಳೆಸಿದೆ. ಹೀಲಿಯಂ ಬೆಲೆ ಏರಿದ್ದೇ ತಡ, ಆ ದರವೂ ಏರಿತು. ಬಿರಡೆ, ಸಿಲಿಂಡರ್, ಅಳತೆ ಎಲ್ಲ ಸೇರಿ ನಾಲ್ಕು ಲಕ್ಷ ದಾಟಿರಬೇಕು. ಅದರಲ್ಲಿ ಅರ್ಧ, ಯಾವ ಫಲಿತಾಂಶವೂ ಬಾರದ ತಿಂಗಳುಗಳದು.

ಕೊಂದ ಮಣ್ಣಿನ ಬಗ್ಗೆ ಒಂದು ಮಾತು. ಆಟೋಕ್ಲೇವ್‌ನಲ್ಲಿ, ಅಂದರೆ ಒತ್ತಡದ ಬಿಸಿ ಹಬೆಯಲ್ಲಿ ಕೊಂದ ಮಣ್ಣು ಹಬೆಯ ನೀರನ್ನು ಹೀರಿ ಭಾರವಾಗುತ್ತದೆ. ಒದ್ದೆ ಮಣ್ಣಿನೊಳಕ್ಕೆ ಅನಿಲ ನಿಧಾನವಾಗಿ ಇಳಿಯುವುದರಿಂದ ಅದನ್ನು ಒಣಮಣ್ಣಿಗೆ ಹೋಲಿಸುವುದು ನ್ಯಾಯವಲ್ಲ. ಮೊದಲಿನ ತೂಕಕ್ಕೆ ಬರುವವರೆಗೆ ಒಣಗಿಸಿಯೇ ಬಾಟಲಿಗೆ ಹಾಕಬೇಕು.

ಎರಡು ಗ್ರಾಂ ಮಣ್ಣಿನಲ್ಲಿ ಏನೂ ಕಾಣಲಿಲ್ಲ. ಹತ್ತು ಗ್ರಾಂ ಹಾಕಿ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಾಗ, ಸುಮಾರು ಮೂರು ವಾರ ಸೋಮಾರಿಯಂತಿದ್ದ ರೇಖೆ ಆಮೇಲೆ ಇಳಿಯತೊಡಗಿ, 0.5 ಪಿಪಿಎಂಗಿಂತಲೂ ಕೆಳಗಿಳಿದು, 0.1ರ ಹತ್ತಿರಕ್ಕೆ ಹೋಯಿತು. ಕೊಂದ ಮಣ್ಣಿನದು ಕದಲಲಿಲ್ಲ. ಸೋರಿಕೆಯ ವಾದಕ್ಕೆ ಇದೇ ಉತ್ತರ: ಬಾಟಲಿ ಸೋರಿದರೆ ಒಳಗಿನ ಅಂಕಿ ಹೊರಗಿನ ಮಟ್ಟಕ್ಕೆ ಬಂದು ನಿಲ್ಲಬೇಕು, ಅದಕ್ಕಿಂತ ಕೆಳಕ್ಕೆ ಇಳಿಯಲಾರದು, ಬೆಂಗಳೂರಿನ ಗಾಳಿಯಲ್ಲಂತೂ 0.53ಕ್ಕಿಂತ ಮೇಲೆಯೇ ನಿಲ್ಲಬೇಕು. ಅಂದು ನಕ್ಕವರಲ್ಲಿ ಇಬ್ಬರು ಈಗ ನನ್ನ ಬಿರಡೆಗಳನ್ನೇ ಕೇಳಿ ಒಯ್ಯುತ್ತಿದ್ದಾರೆ.

ನಡುವೆ ಡಿಎನ್‌ಎ ತೆಗೆಯುವಲ್ಲೂ ಒಂದು ಪ್ರಯೋಗ ಮಾಡಿದೆ. ಜೇಡಿ ಕಣಗಳು ಡಿಎನ್‌ಎಯನ್ನು ಹಿಡಿದಿಟ್ಟುಕೊಳ್ಳದಿರಲೆಂದು ಕೆನೆ ತೆಗೆದ ಹಾಲಿನ ಪುಡಿ ಬೆರೆಸುವ ಹಳೆಯ ಉಪಾಯವಿದೆಯಲ್ಲ, ಅದರಿಂದ ಇಳುವರಿ ಹೆಚ್ಚಿತು. ಆದರೆ ಇಷ್ಟು ಬಡ ಮಣ್ಣಿನಲ್ಲಿ ಹಾಲಿನ ಪುಡಿಯಲ್ಲಿದ್ದ ಬ್ಯಾಕ್ಟೀರಿಯಾಗಳ ಡಿಎನ್‌ಎಯೇ ಮೆರೆಯಿತು. ಅದರ ಬದಲು ಫಾಸ್ಫೇಟ್ ಸೇರಿಸುವುದೇ ಲೇಸು.

ಈಗ ಅದೇ ಮಣ್ಣನ್ನು ಮೈನಸ್ 5 ಡಿಗ್ರಿಯಲ್ಲಿ ಇಟ್ಟಿದ್ದೇನೆ. ಇಳಿಕೆ ಇದೆ, ಆದರೆ ಪ್ರತಿ ಸಲ ಸಿರಿಂಜಿನಲ್ಲಿ ಹೊರತೆಗೆಯುವ ಅನಿಲದ ಲೆಕ್ಕ ಕಳೆದರೆ ಉಳಿಯುವುದು ಅಳತೆಯ ದೋಷದಷ್ಟೇ. ಇನ್ನೊಂದು ಚಳಿಗಾಲದ ಅಂಕಿಗಳು ಕೈಸೇರುವವರೆಗೆ ಅದನ್ನು ಫಲಿತಾಂಶವೆಂದು ಎಲ್ಲಿಯೂ ಬರೆಯುವುದಿಲ್ಲ.