ಮೀಟಿಂಗ್‌ಗೆ ಮುಂಚೆಯೇ ಮೇಲಿನವರನ್ನು ಒಪ್ಪಿಸುವುದು ಹೇಗೆ?

ಐಡಿಯಾ ಚೆನ್ನಾಗಿರುತ್ತದೆ. 40 ಸ್ಲೈಡ್ ಕೂಡ ರೆಡಿ. ಅದನ್ನು ನೇರವಾಗಿ ದೊಡ್ಡ ಮೀಟಿಂಗ್‌ಗೆ ಒಯ್ದು, ಎಲ್ಲರ ಮುಂದೆ ಮೊದಲ ಸಲ ಬಿಚ್ಚಿಟ್ಟು, 'ನೋಡೋಣ ಬಿಡಿ' ಅನ್ನಿಸಿಕೊಂಡು ಬರುವವರನ್ನು ಬೇಕಾದಷ್ಟು ನೋಡಿದ್ದೇನೆ. ಆಗಷ್ಟೇ ಕೇಳಿದ ವಿಷಯಕ್ಕೆ ಎಲ್ಲರೆದುರು ಹೂಂ ಅನ್ನುವುದು ಯಾವ ಅಧಿಕಾರಿಗೂ ಕಷ್ಟ. ಬೇಡ ಅಂದರೆ ಅವರು ಕಳೆದುಕೊಳ್ಳುವುದು ಏನೂ ಇಲ್ಲ, ಅಲ್ವಾ?

ಮೊದಲು, ಏನು ಬೇಕು ಅಂತ ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ: ಎಷ್ಟು ಹಣ, ಎಷ್ಟು ಜನ, ಯಾವಾಗಿನೊಳಗೆ. 'ನಿಮ್ಮ ಬೆಂಬಲ ಬೇಕು' ಅನ್ನುವುದು ಕೋರಿಕೆಯೇ ಅಲ್ಲ.

ಎರಡನೆಯದು, ನಿಮ್ಮ ತೊಂದರೆಯನ್ನು ಅವರ ತಲೆನೋವಿಗೆ ಜೋಡಿಸಿ. 'ಸಾಫ್ಟ್‌ವೇರ್ ಹಳೆಯದು' ಅಂದರೆ ಯಾರೂ ತಲೆ ಎತ್ತುವುದಿಲ್ಲ. ಅದರಿಂದ ಬಿಲ್ ತಡವಾಗಿ ಹೋಗುತ್ತಿದೆ, ಹಣವೂ ತಡವಾಗಿ ಬರುತ್ತಿದೆ ಅನ್ನಿ, ಕಿವಿ ನೆಟ್ಟಗಾಗುತ್ತದೆ. ಸುಮ್ನೆ ಕೂತರೆ ಆಗುವ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೂರನೆಯದು, ಎಲ್ಲವನ್ನೂ ಒಂದು ಹಾಳೆಗೆ ಇಳಿಸಿ. ಟೊಯೋಟಾದಲ್ಲಿ ಸಮಸ್ಯೆ, ಕಾರಣ, ಪರಿಹಾರ ಎಲ್ಲವೂ ಒಂದು ಎ3 ಹಾಳೆಯಲ್ಲಿ ಮುಗಿಯಬೇಕು. ಅಮೆಜಾನ್‌ನ ಹಿರಿಯರ ಸಭೆಗಳಲ್ಲಿ 2004ರಲ್ಲೇ ಪವರ್‌ಪಾಯಿಂಟ್ ನಿಲ್ಲಿಸಿ, ಬರೆದ ಟಿಪ್ಪಣಿಯನ್ನು ಕೂತು ಓದುವ ಪದ್ಧತಿ ತಂದರು. ಸ್ಲೈಡ್ ಟೆಂಪ್ಲೇಟ್‌ಗಳಿಗೆ ದುಡ್ಡು ಸುರಿಯಬೇಡಿ. ಎಐ ಕೈಲಿ ಪೂರ್ತಿ ಬರೆಸಿದ್ದನ್ನೂ ಹಾಗೇ ಕೊಡಬೇಡಿ. ಎರಡನೇ ಪ್ರಶ್ನೆಗೇ ನಿಮ್ಮ ಬಾಯಿ ಕಟ್ಟುತ್ತದೆ.

ಇನ್ನು ಜನ ಎಡವುವ ಜಾಗ. ಮೀಟಿಂಗ್‌ಗೆ ಮುಂಚೆ ಒಬ್ಬೊಬ್ಬರನ್ನೇ ಬೇರೆಬೇರೆಯಾಗಿ ಕಾಣಬೇಕು. ಜಪಾನಿನ ಕಂಪನಿಗಳಲ್ಲಿ ಇದಕ್ಕೆ ನೆಮವಾಶಿ ಅನ್ನುತ್ತಾರೆ, ಅಲ್ಲಿ ಇದು ಮಾಮೂಲಿ. ಮೊದಲು ನಿಮ್ಮ ನೇರ ಬಾಸ್. ಅವರನ್ನು ದಾಟಿ ಮೇಲೆ ಹೋದಿರೋ, ಐಡಿಯಾ ಗೆದ್ದರೂ ನೀವು ಸೋತಂತೆ. ಆಮೇಲೆ, ಈ ಬದಲಾವಣೆಯಿಂದ ಯಾರಿಗೆ ಕೆಲಸ ಜಾಸ್ತಿ ಆಗುತ್ತದೋ ಅವರು. ಆಮೇಲೆ ಫೈನಾನ್ಸ್‌ನವರು. ಕೊನೆಗೆ ಸಹಿ ಹಾಕುವವರು.

ಹೋದಾಗ 'ಹೇಗಿದೆ ಸರ್?' ಅಂತ ಕೇಳಬೇಡಿ. ಚೆನ್ನಾಗಿದೆ ಅಂದು ಕಳಿಸಿಬಿಡುತ್ತಾರೆ. 'ಇದು ಎಲ್ಲಿ ಕೈಕೊಡಬಹುದು ಮೇಡಂ?' ಅಂತ ಕೇಳಿ, ಪೆನ್ನು ಹಿಡಿದು ಬಾಯಿ ಮುಚ್ಚಿಕೊಳ್ಳಿ. ವಾದಕ್ಕೆ ಇಳಿಯಬೇಡಿ. ಅವರು ಹೇಳಿದ್ದನ್ನು ಹಾಳೆಯಲ್ಲಿ ಸೇರಿಸಿ, ತಿದ್ದಿದ ಪ್ರತಿಯನ್ನು ಮತ್ತೆ ಹೋಗಿ ತೋರಿಸಿ. ಈ ಎರಡನೇ ಭೇಟಿಯನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ, ಆದರೆ ತಾನು ಹೇಳಿದ ಮಾತು ಹಾಳೆಯಲ್ಲಿ ಕಂಡವರು ಮೀಟಿಂಗ್‌ನಲ್ಲಿ ಅದನ್ನು ಹರಿದುಹಾಕುವುದು ಕಡಿಮೆ. ಫೈನಾನ್ಸ್‌ನವರು ನಿಮ್ಮ ಅಂಕಿ ತಿದ್ದಿದರೆ ಅವರದನ್ನೇ ಇಟ್ಟುಕೊಳ್ಳಿ. ಕಡಿಮೆ ಲಾಭ ತೋರಿಸಿದರೂ ಪರವಾಗಿಲ್ಲ, ನಾಳೆ ಅದನ್ನು ಸಮರ್ಥಿಸುವವರು ಅವರೇ. ಯಾರಾದರೂ ಪಟ್ಟು ಬಿಡದಿದ್ದರೆ ಅವರ ಆಕ್ಷೇಪವನ್ನು ಅವರದೇ ಮಾತಿನಲ್ಲಿ ಬರೆದು, ಸಹಿ ಹಾಕುವವರಿಗೆ ನೀವೇ ಮೊದಲು ಹೇಳಿ.

ಇದನ್ನೆಲ್ಲ ಇಮೇಲ್‌ನಲ್ಲಿ ಮುಗಿಸುವ ಅಡ್ಡದಾರಿ ಬೇಡ. ಹತ್ತು ಜನರನ್ನು ಸಿಸಿಯಲ್ಲಿ ಹಾಕಿ ಅಭಿಪ್ರಾಯ ಕೇಳಿದರೆ, ಮೊದಲು ಬೇಡ ಅಂದವರ ಹಿಂದೆ ಉಳಿದವರು ಸಾಲುಗಟ್ಟುತ್ತಾರೆ.

ಇಷ್ಟಾದ ಮೇಲೆ ಮೀಟಿಂಗ್ ಸುಲಭ. ಬೇಕಾದ್ದನ್ನು ಮೊದಲ ನಿಮಿಷದಲ್ಲೇ ಕೇಳಿ. ಪೂರ್ತಿ ಯೋಜನೆಗೆ ಹಿಂಜರಿದರೆ ಒಂದು ತಂಡದಲ್ಲಿ ಸಣ್ಣ ಪ್ರಯೋಗ ಕೇಳಿ, ಯಾವ ಫಲಿತಾಂಶ ಬಂದರೆ ನಿಲ್ಲಿಸುತ್ತೀರಿ ಅನ್ನುವುದನ್ನೂ ಹೇಳಿ. ಹೂಂ ಅಂದರೆ ತಕ್ಷಣ ಮಾತು ನಿಲ್ಲಿಸಿ, ಅದೇ ದಿನ ಮೇಲ್ ಹಾಕಿ ದಾಖಲೆ ಮಾಡಿಕೊಳ್ಳಿ.

ಬೇಡ ಅಂದರೆ, ಏನು ಬದಲಾದರೆ ಒಪ್ಪುತ್ತೀರಿ ಅಂತ ಕೇಳಿ. ಎಷ್ಟೋ ಸಲ ಕಾರಣ ಹಣ ಆಗಲೇ ಹಂಚಿಹೋಗಿದೆ ಅನ್ನುವುದಷ್ಟೇ ಆಗಿರುತ್ತದೆ. ಮುಂದಿನ ಬಜೆಟ್ ತಯಾರಿ ಯಾವಾಗ ಶುರುವಾಗುತ್ತದೆ ಅಂತ ಫೈನಾನ್ಸ್‌ನವರನ್ನು ವಿಚಾರಿಸಿ, ಅದಕ್ಕೆ ಎರಡು ತಿಂಗಳು ಮುಂಚೆ ಅದೇ ಹಾಳೆ ಹಿಡಿದು ಮತ್ತೆ ಹೋಗಿ.