ಅಡ್ರೆಸ್ಸೇ ಅಡ್ಮಿಷನ್: ಅಮೆರಿಕದಲ್ಲಿ ಶಾಲೆಯ ಗೆರೆ ಸರಿದಾಗ, ಶಾಲೆ ಮುಚ್ಚಿದಾಗ

ಊರಿನಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಮನೆ ಎಲ್ಲಿದೆ ಅನ್ನೋದು ಅಷ್ಟು ದೊಡ್ಡ ವಿಷಯವಲ್ಲ. ಮನೆ ವಿಜಯನಗರದಲ್ಲಿ, ಶಾಲೆ ಜಯನಗರದಲ್ಲಿ ಇದ್ದರೂ ಬೆಳಿಗ್ಗೆ ವ್ಯಾನ್ ಬರುತ್ತದೆ, ಮಗು ಹೋಗುತ್ತದೆ. ಸೀಟು ಸಿಗುತ್ತಾ, ಫೀಸು ಕಟ್ಟೋಕಾಗುತ್ತಾ, ಇಷ್ಟೇ ಚಿಂತೆ. ಅಮೆರಿಕದಲ್ಲಿ ಲೆಕ್ಕವೇ ಬೇರೆ. ಸರ್ಕಾರಿ ಶಾಲೆಗೆ ಫೀಸಿಲ್ಲ, ಡೊನೇಷನ್ ಇಲ್ಲ. ಆದರೆ ನಿಮ್ಮ ಮನೆ ನಕ್ಷೆಯಲ್ಲಿ ಯಾವ ಗೆರೆಯ ಒಳಗಿದೆಯೋ ಆ ಗೆರೆಯ ಶಾಲೆಯೇ ನಿಮ್ಮದು. ಡೊನೇಷನ್ ಇಲ್ಲ ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಮನೆಯ ಬೆಲೆಯಲ್ಲೇ ಅದು ಸೇರಿಕೊಂಡಿರುತ್ತದೆ.

ಈ ಗೆರೆಗೆ ಅಟೆಂಡೆನ್ಸ್ ಬೌಂಡರಿ ಅಂತ ಹೆಸರು. ನ್ಯೂಯಾರ್ಕಿನವರು ಝೋನ್ ಅನ್ನುತ್ತಾರೆ, ಫಿಲಡೆಲ್ಫಿಯಾದವರು ಕ್ಯಾಚ್‌ಮೆಂಟ್ ಅನ್ನುತ್ತಾರೆ. ಗೆರೆ ಎಳೆಯೋದು ಸ್ಕೂಲ್ ಡಿಸ್ಟ್ರಿಕ್ಟ್. ಹೆಸರು ಕೇಳಿ ನಮ್ಮ ಮಂಡ್ಯ ಜಿಲ್ಲೆ, ಹಾಸನ ಜಿಲ್ಲೆಯ ಥರ ಅಂದುಕೊಳ್ಳಬೇಡಿ. ಶಾಲೆ ನಡೆಸೋದಕ್ಕೆ ಅಂತಲೇ ಇರುವ ಸ್ಥಳೀಯ ಆಡಳಿತ ಅದು. ಅದಕ್ಕೆ ತನ್ನದೇ ಬೋರ್ಡು, ತನ್ನದೇ ಬಜೆಟ್ಟು. ಬಹಳ ಕಡೆ ದುಡ್ಡಿನ ದೊಡ್ಡ ಪಾಲು ಮನೆ ಕಂದಾಯದಿಂದ ಬರುತ್ತದೆ. ಡಿಸ್ಟ್ರಿಕ್ಟಿನ ಹೊರಗಿನ ಗೆರೆ ಬದಲಾಗೋದು ಅಪರೂಪ. ಒಳಗಿನ ಗೆರೆಗಳು ಮಾತ್ರ ಸರಿಯುತ್ತಲೇ ಇರುತ್ತವೆ. ಇದಕ್ಕೆ ರೀಡಿಸ್ಟ್ರಿಕ್ಟಿಂಗ್ ಅಂತಲೂ ರೀಝೋನಿಂಗ್ ಅಂತಲೂ ಹೇಳುತ್ತಾರೆ.

ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ವಾರಕ್ಕೊಂದು ಸಲ ಬರುವ ಪ್ರಶ್ನೆ ಒಂದೇ: ‘ಹತ್ತಕ್ಕೆ 9 ರೇಟಿಂಗ್ ಇರೋ ಸ್ಕೂಲ್ ಹತ್ತಿರ ಮನೆ ಇದ್ದರೆ ಹೇಳಿ.’ ಆ ಗೆರೆ ಇನ್ನು ಐದು ವರ್ಷಕ್ಕೂ ಅಲ್ಲೇ ಇರುತ್ತಾ ಅಂತ ಕೇಳಿದವರನ್ನು ನಾನು ಕಂಡಿಲ್ಲ. ನಾನೂ ಕೇಳಿರಲಿಲ್ಲ. ಶಿಕಾಗೊಗೆ ಬಂದ ಹೊಸತರಲ್ಲಿ ಸೌತ್ ಲೂಪ್ ಅನ್ನೋ ಬಡಾವಣೆಯ ಎತ್ತರದ ಅಪಾರ್ಟ್‌ಮೆಂಟೊಂದರಲ್ಲಿ ಬಾಡಿಗೆಗೆ ಇದ್ದೆವು. ಕೆಳಗೆ ನೋಡಿದರೆ ರಸ್ತೆಯ ತುಂಬ ಹೊಸ ಕಟ್ಟಡಗಳು. ಮೊದಲು ಅಲ್ಲಿ ಯಾರಿದ್ದರು, ಎಲ್ಲಿಗೆ ಹೋದರು ಅಂತ ಯೋಚಿಸಿದ್ದು ಆಮೇಲೆ. ಅದಕ್ಕೇ ಶಿಕಾಗೊ ಕಥೆಯನ್ನೇ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಜೆಂಟ್ರಿಫಿಕೇಶನ್ ಅನ್ನೋ ಪದ ಇಲ್ಲಿ ಪದೇ ಪದೇ ಕಿವಿಗೆ ಬೀಳುತ್ತದೆ. ಮಲ್ಲೇಶ್ವರದಲ್ಲೋ ಬಸವನಗುಡಿಯಲ್ಲೋ ವಠಾರ ಒಡೆದು ಅಪಾರ್ಟ್‌ಮೆಂಟ್ ಎಬ್ಬಿಸಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ವಠಾರದಲ್ಲಿ ಎಂಟು ಸಂಸಾರ, ಅಂಗಳದ ತುಂಬ ಮಕ್ಕಳು. ಅದೇ ಜಾಗದಲ್ಲಿ ಈಗ ದುಬಾರಿ ಫ್ಲ್ಯಾಟುಗಳು, ಅಲ್ಲೊಂದು ಇಲ್ಲೊಂದು ಮಗು. ಶಿಕಾಗೊದ ಪಿಲ್ಸನ್, ಲೋಗನ್ ಸ್ಕ್ವೇರ್ ಕಡೆ ಆಗಿದ್ದೂ ಹೆಚ್ಚುಕಡಿಮೆ ಇದೇ. ಅಲ್ಲಿನ ಹಳೆಯ ಮನೆಗಳಿಗೆ ಟೂ-ಫ್ಲ್ಯಾಟ್, ಥ್ರೀ-ಫ್ಲ್ಯಾಟ್ ಅನ್ನುತ್ತಾರೆ. ಮಹಡಿಗೊಂದು ಸಂಸಾರ. ಮೆಕ್ಸಿಕೊ, ಪೋರ್ಟೊರಿಕೊ ಮೂಲದ ದುಡಿಯುವ ಜನ ಅಲ್ಲಿ ಬಾಡಿಗೆಗೆ ಇರುತ್ತಿದ್ದರು. ಉಳ್ಳವರೊಬ್ಬರು ಇಡೀ ಕಟ್ಟಡ ಕೊಂಡು, ಮೂರು ಮನೆಯನ್ನು ಒಂದೇ ಮನೆ ಮಾಡಿಕೊಳ್ಳುತ್ತಾರೆ. ಇದಕ್ಕೆ ಡೀಕನ್ವರ್ಷನ್ ಅಂತಲೇ ಹೆಸರಿದೆ. 2015ರಲ್ಲಿ ಹಳೆಯ ರೈಲು ಮಾರ್ಗದ ಮೇಲೆ 606 ಅನ್ನೋ ಕಾಲ್ದಾರಿ ತೆರೆಯಿತು. ಅದರ ಅಕ್ಕಪಕ್ಕ ಮನೆ ಬೆಲೆ ಏರಿ, ಈ ಕೆಲಸ ಇನ್ನೂ ಜೋರಾಯಿತು. ಕೊನೆಗೆ 2021ರಲ್ಲಿ ನಗರಸಭೆಯೇ 606ರ ಸುತ್ತ ಮತ್ತು ಪಿಲ್ಸನ್‌ನಲ್ಲಿ ಇದಕ್ಕೆ ಕಡಿವಾಣ ಹಾಕುವ ನಿಯಮ ತರಬೇಕಾಯಿತು.

ಹೊಸದಾಗಿ ಬಂದವರಿಗೆ ಗೊಂದಲ ಆಗೋದು ಇಲ್ಲೇ. ಏರಿಯಾ ಮೇಲೆ ಬರುತ್ತಿದೆ, ಹೊಸ ಕಾಫಿ ಅಂಗಡಿ ಬಂದಿದೆ, ಬಾಡಿಗೆ ಏರುತ್ತಿದೆ. ಹಾಗಾದರೆ ಶಾಲೆಯೂ ತುಂಬಬೇಕಲ್ವಾ? ತುಂಬೋದಿಲ್ಲ, ಖಾಲಿಯಾಗುತ್ತದೆ. ಬಿಟ್ಟು ಹೋದವರು ಮಕ್ಕಳೊಂದಿಗರು. ಬಂದವರಲ್ಲಿ ಅನೇಕರಿಗೆ ಮಕ್ಕಳಿಲ್ಲ. ಮಕ್ಕಳಿದ್ದವರೂ ಪಕ್ಕದ ಶಾಲೆಗೆ ಕಳಿಸದೆ ಯಾವುದಾದರೂ ವಿಷಯಕ್ಕೆ ಒತ್ತು ಕೊಡುವ ಮ್ಯಾಗ್ನೆಟ್, ಪರೀಕ್ಷೆ ಬರೆದು ಸೇರುವ ಸೆಲೆಕ್ಟಿವ್, ಇಲ್ಲವೇ ಸರ್ಕಾರಿ ದುಡ್ಡಿನಲ್ಲಿ ಹೊರಗಿನ ಸಂಸ್ಥೆ ನಡೆಸುವ ಚಾರ್ಟರ್ ಶಾಲೆಗೆ ಅರ್ಜಿ ಹಾಕುತ್ತಾರೆ. ಶಿಕಾಗೊದಲ್ಲಿ ಸುಮಾರು ಹತ್ತು ವರ್ಷ ಶಾಲೆಗೆ ದುಡ್ಡು ಬಂದಿದ್ದೇ ತಲೆಗಿಷ್ಟು ಅನ್ನೋ ಲೆಕ್ಕದಲ್ಲಿ. ಇಪ್ಪತ್ತು ಮಕ್ಕಳು ಕಡಿಮೆಯಾದರೆ ಒಬ್ಬ ಟೀಚರಿಗೆ ಕತ್ತರಿ. ಮ್ಯೂಸಿಕ್ ಟೀಚರ್ ಹೋದರೆ ಇನ್ನಷ್ಟು ಮಕ್ಕಳು ಬಿಡುತ್ತಾರೆ. ಆಗ ಬೋರ್ಡಿನವರು ಬಂದು ‘ಶಾಲೆ ಖಾಲಿಯಿದೆ’ ಅನ್ನುತ್ತಾರೆ.

2013ರಲ್ಲಿ ಬೋರ್ಡು ಹೇಳಿದ್ದೂ ಅದನ್ನೇ. ರಾಮ್ ಇಮ್ಯಾನ್ಯುಯೆಲ್ ಮೇಯರ್ ಆಗಿದ್ದಾಗ ಶಿಕಾಗೊ ಒಂದೇ ಏಟಿಗೆ ಸುಮಾರು 50 ಶಾಲೆ ಮುಚ್ಚಿತು. ಸುಮಾರು 12,000 ಮಕ್ಕಳು ಬೇರೆ ಶಾಲೆಗೆ ಹೋಗಬೇಕಾಯಿತು. ಅವರಲ್ಲಿ ನೂರಕ್ಕೆ 88 ಮಂದಿ ಕಪ್ಪು ಮಕ್ಕಳು. ಒಂದು ಕ್ಲಾಸಿಗೆ 30 ಮಕ್ಕಳು ಇರಬೇಕು ಅಂತ ಇಟ್ಟುಕೊಂಡು ‘ಯುಟಿಲೈಸೇಶನ್’, ಅಂದರೆ ಶಾಲೆ ಎಷ್ಟು ತುಂಬಿದೆ ಅನ್ನೋ ಲೆಕ್ಕ ಹಾಕಿದ್ದರು. ಆದರೆ ವಿಶೇಷ ಅಗತ್ಯದ ಮಕ್ಕಳ ಕ್ಲಾಸಿನಲ್ಲಿ ಕಾನೂನಿನ ಪ್ರಕಾರವೇ ಕೆಲವೇ ಮಕ್ಕಳಿರುತ್ತಾರೆ. ಅಂಥ ಕ್ಲಾಸು ಜಾಸ್ತಿಯಿದ್ದ ಶಾಲೆ ಕಾಗದದ ಮೇಲೆ ಖಾಲಿ ಕಾಣುತ್ತದೆ, ಒಳಗೆ ಹೋಗಿ ನೋಡಿದರೆ ಕೋಣೆ ಖಾಲಿ ಇರುವುದಿಲ್ಲ. ಈ ಮಾತನ್ನು ಪೋಷಕರು ಅಹವಾಲು ಸಭೆಗಳಲ್ಲಿ ಹೇಳಿ ಹೇಳಿ ಸುಸ್ತಾದರು.

ಮಕ್ಕಳನ್ನು ಸೇರಿಸಿಕೊಂಡ ಶಾಲೆಗಳಿಗೆ ‘ವೆಲ್ಕಮಿಂಗ್ ಸ್ಕೂಲ್’ ಅಂತ ಚೆಂದದ ಹೆಸರಿಟ್ಟರು. ಶಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ನೋಡಿದಾಗ ಮುಚ್ಚಿದ ಶಾಲೆಗಳ ಮಕ್ಕಳು ಗಣಿತದಲ್ಲಿ ಹಿಂದೆ ಬಿದ್ದಿದ್ದರು, ನಾಲ್ಕು ವರ್ಷವಾದರೂ ಅದು ಸರಿಹೋಗಿರಲಿಲ್ಲ. ಕಟ್ಟಡಗಳ ಕಥೆ ಇನ್ನೊಂದು. ಅಪ್‌ಟೌನ್ ಬಡಾವಣೆಯ ಸ್ಟೂವರ್ಟ್ ಶಾಲೆ ಈಗ ಬಾಡಿಗೆ ಅಪಾರ್ಟ್‌ಮೆಂಟ್. ಹೆಸರು ‘ಸ್ಟೂವರ್ಟ್ ಸ್ಕೂಲ್ ಲಾಫ್ಟ್ಸ್’. ಶಾಲೆ ಹೋಯಿತು, ಬಾಡಿಗೆ ಏರಿಸೋಕೆ ಶಾಲೆಯ ಹೆಸರು ಉಳಿಯಿತು. ಶಾಲೆ ಮುಚ್ಚಿದರೆ ಏರಿಯಾ ಬಿದ್ದು ಹೋಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಕಪ್ಪು ಜನರೇ ಹೆಚ್ಚಿರುವ ಬಡಾವಣೆಗಳಲ್ಲಿ ಶಾಲೆ ಮುಚ್ಚಿದ ಮೇಲೆ ಜೆಂಟ್ರಿಫಿಕೇಶನ್ ಆಗುವ ಸಾಧ್ಯತೆ ಹೆಚ್ಚುತ್ತದೆ ಅಂತ ಸ್ಟ್ಯಾನ್‌ಫರ್ಡಿನ ಸಂಶೋಧಕರು 2022ರಲ್ಲಿ ತೋರಿಸಿದರು. ಅಂದರೆ ಬಡಾವಣೆ ಬದಲಾದರೆ ಶಾಲೆ ಮುಚ್ಚುತ್ತದೆ, ಶಾಲೆ ಮುಚ್ಚಿದರೆ ಬಡಾವಣೆ ಇನ್ನೂ ಬೇಗ ಬದಲಾಗುತ್ತದೆ.

ಈಗ ನಾನಿದ್ದ ಸೌತ್ ಲೂಪ್. ಅಲ್ಲಿನ ಸಮಸ್ಯೆ ಉಲ್ಟಾ. ಬಂದವರಿಗೆ ಮಕ್ಕಳಾದವು, ಸೌತ್ ಲೂಪ್ ಎಲಿಮೆಂಟರಿ ತುಂಬಿ ತುಳುಕಿತು. ಹತ್ತಿರದಲ್ಲೇ ನ್ಯಾಷನಲ್ ಟೀಚರ್ಸ್ ಅಕಾಡೆಮಿ ಅನ್ನೋ ಇನ್ನೊಂದು ಶಾಲೆ ಇತ್ತು. ಜನ ಎನ್‌ಟಿಎ ಅನ್ನುತ್ತಾರೆ. ಅದರ ಪಕ್ಕದಲ್ಲಿದ್ದ ಹ್ಯಾರಲ್ಡ್ ಇಕಿಸ್ ಹೋಮ್ಸ್ ಅನ್ನೋ ಸರ್ಕಾರಿ ವಸತಿಯನ್ನು ಆಗಲೇ ಕೆಡವಿದ್ದರು. ಆದರೂ ಶಾಲೆ ಚೆನ್ನಾಗಿ ನಡೆಯುತ್ತಿತ್ತು, ನಗರದ ಅತ್ಯುತ್ತಮ ದರ್ಜೆ ಪಡೆದಿತ್ತು. ಮಕ್ಕಳಲ್ಲಿ ಬಹುಪಾಲು ಕಪ್ಪು ಮಕ್ಕಳೇ. ಹೊಸ ನಿವಾಸಿಗಳಿಗೆ ಒಂದು ಹೈಸ್ಕೂಲು ಬೇಕಿತ್ತು. ಡಿಸ್ಟ್ರಿಕ್ಟು ಏನು ಮಾಡಿತು ಗೊತ್ತಾ? ಎನ್‌ಟಿಎ ಕಟ್ಟಡವನ್ನೇ ಹೈಸ್ಕೂಲ್ ಮಾಡಿ, ಗೆರೆ ಸರಿಸಿ, ಈ ಮಕ್ಕಳನ್ನು ಸೌತ್ ಲೂಪ್ ಎಲಿಮೆಂಟರಿಗೆ ಕಳಿಸೋಣ ಅಂತ 2018ರ ಫೆಬ್ರವರಿಯಲ್ಲಿ ತೀರ್ಮಾನಿಸಿತು. ಎನ್‌ಟಿಎ ಪೋಷಕರು ಕೋರ್ಟಿಗೆ ಹೋದರು. ಡಿಸೆಂಬರ್‌ನಲ್ಲಿ ನ್ಯಾಯಾಧೀಶ ಫ್ರಾಂಕ್ಲಿನ್ ವಾಲ್ಡೆರಾಮಾ ತಡೆಯಾಜ್ಞೆ ಕೊಟ್ಟರು. ಯೋಜನೆ ಬಿದ್ದುಹೋಯಿತು.

ಆ ಹೈಸ್ಕೂಲು ಬಂದರೆ ನಮಗೆ ಒಳ್ಳೆಯದು ಅಂತ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಯಾರ ಶಾಲೆ ಎತ್ತಿ ಯಾರಿಗೆ ಕೊಡುತ್ತಾರೆ ಅಂತ ಒಬ್ಬರೂ ಕೇಳಿರಲಿಲ್ಲ.

ಇದೇ ಊರಿನಲ್ಲಿ ಇನ್ನೊಂದು ದಾರಿಯೂ ಇತ್ತು. ಗೋಲ್ಡ್ ಕೋಸ್ಟ್ ಅನ್ನೋ ಶ್ರೀಮಂತ ಭಾಗದ ಆಗ್ಡನ್ ಶಾಲೆಯಲ್ಲಿ ಜಾಗ ಇರಲಿಲ್ಲ. ಕ್ಯಾಬ್ರಿನಿ-ಗ್ರೀನ್ ಅನ್ನೋ ಸರ್ಕಾರಿ ವಸತಿ ಕೆಡವಿದ ಮೇಲೆ ಅಲ್ಲಿನ ಜೆನ್ನರ್ ಶಾಲೆಯಲ್ಲಿ ಮಕ್ಕಳು ತೀರಾ ಕಡಿಮೆಯಾಗಿದ್ದರು. ವರ್ಷಗಟ್ಟಲೆ ಮಾತುಕತೆ ನಡೆದು 2018ರಲ್ಲಿ ಎರಡನ್ನೂ ಒಂದು ಮಾಡಿದರು. ಜೆನ್ನರ್ ಕಟ್ಟಡ ಶಾಲೆಯಾಗಿಯೇ ಉಳಿಯಿತು. ಸುಲಭವಾಗಿ ಏನೂ ನಡೆಯಲಿಲ್ಲ, ಆದರೂ ನನಗೆ ಇದೇ ಮೇಲು ಅನ್ನಿಸುತ್ತದೆ.

ನ್ಯೂಯಾರ್ಕ್ ಕಡೆಯವರಿಗೆ ಬ್ರೂಕ್ಲಿನ್ನಿನ ಉದಾಹರಣೆ ಹತ್ತಿರದ್ದು. ಡಂಬೊದಲ್ಲಿ ಹಳೆಯ ಗೋದಾಮುಗಳೆಲ್ಲ ದುಬಾರಿ ಮನೆಗಳಾದ ಮೇಲೆ ಪಿಎಸ್ 8 ಶಾಲೆ ತುಂಬಿತು. 2016ರ ಜನವರಿಯಲ್ಲಿ ಗೆರೆ ಸರಿಸಿ, ಡಂಬೊವನ್ನು ಫ್ಯಾರಗಟ್ ಹೌಸಸ್ ಅನ್ನೋ ಸರ್ಕಾರಿ ವಸತಿ ಹತ್ತಿರದ ಪಿಎಸ್ 307ಕ್ಕೆ ಸೇರಿಸಿದರು. ಶಾಲೆಯ ದರ್ಜೆ ಏನೋ ಎಂತೋ ಅಂತ ಡಂಬೊದವರಿಗೆ ಭಯ. ಈ ಜನ ಬಂದು ನಮ್ಮ ಶಾಲೆಯನ್ನೇ ಕಿತ್ತುಕೊಂಡರೆ ಅಂತ ಫ್ಯಾರಗಟ್‌ನವರಿಗೆ ಭಯ. ಎರಡನೆಯ ಭಯದ ಬಗ್ಗೆ ನಮ್ಮ ಗುಂಪುಗಳಲ್ಲಿ ಮಾತೇ ಬರೋದಿಲ್ಲ.

ಸಬರ್ಬಿನಲ್ಲಿ ಇರೋ ನಮಗೆ ಇದೆಲ್ಲ ಯಾಕೆ ಅನ್ನುವವರು ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊ ನೋಡಿ. ಶಾಲೆ ಚೆನ್ನಾಗಿದೆ ಅಂತಲೇ ನಮ್ಮವರು ಮುಗಿಬಿದ್ದು ಮನೆ ತಗೊಂಡ ಊರು. ಬೆಲೆ ಎಷ್ಟು ಏರಿತೆಂದರೆ ಚಿಕ್ಕ ಮಕ್ಕಳಿರುವ ಹೊಸ ಸಂಸಾರಗಳಿಗೆ ಅಲ್ಲಿ ಕಾಲಿಡೋಕೇ ಆಗಲಿಲ್ಲ. ಹಳಬರು ಮಕ್ಕಳು ಕಾಲೇಜಿಗೆ ಹೋದ ಮೇಲೂ ಮನೆ ಮಾರಲಿಲ್ಲ. ಮಕ್ಕಳ ಸಂಖ್ಯೆ ಇಳಿಯಿತು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ದುಡ್ಡು ಹಾಜರಾತಿಯ ಲೆಕ್ಕದಲ್ಲಿ ಬರುತ್ತದೆ. ಡಿಸ್ಟ್ರಿಕ್ಟು 2021ರಲ್ಲಿ ತೀರ್ಮಾನ ಮಾಡಿ, ರೆಗ್ನಾರ್ಟ್ ಮತ್ತು ಮೈಯರ್‌ಹೋಲ್ಜ್ ಶಾಲೆಗಳನ್ನು 2022ರ ಬೇಸಿಗೆಗೆ ಮುಚ್ಚಿತು. ಟೆಕ್ಸಾಸಿನಲ್ಲೂ ದುಡ್ಡು ಹಾಜರಾತಿಯ ಮೇಲೇ. ಆಸ್ಟಿನ್ 2019ರಲ್ಲಿ ನಾಲ್ಕು ಶಾಲೆ ಮುಚ್ಚಲು ತೀರ್ಮಾನಿಸಿದಾಗ ಮೂರು ಇದ್ದಿದ್ದು ಬಾಡಿಗೆ ಏರುತ್ತಿದ್ದ ಪೂರ್ವ ಭಾಗದಲ್ಲಿ.

ಸರಿ, ನೀವು ಏನು ನೋಡಬೇಕು? ಮನೆ ತೋರಿಸುವ ರಿಯಲ್ಟರ್‌ನನ್ನು ಶಾಲೆ ಬಗ್ಗೆ ಕೇಳಿದರೆ ಜಾರಿಕೊಳ್ಳಬಹುದು. ಅದು ಕಳ್ಳಾಟವಲ್ಲ. ಇಂಥ ಏರಿಯಾ ಒಳ್ಳೆಯದು, ಇಂಥದ್ದು ಬೇಡ ಅಂತ ಗಿರಾಕಿಯನ್ನು ತಿರುಗಿಸಿದರೆ ಮನೆ ವಿಷಯದಲ್ಲಿ ತಾರತಮ್ಯ ತಡೆಯುವ ಫೇರ್ ಹೌಸಿಂಗ್ ಕಾನೂನಿಗೆ ಸಿಕ್ಕಿಕೊಳ್ಳುವ ಭಯ ಅವರಿಗೆ. ಹಾಗಾಗಿ ಜಾಹೀರಾತಿನಲ್ಲಿರುವ ಶಾಲೆಯ ಹೆಸರನ್ನು ನಂಬದೆ ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲಿ ನಿಮ್ಮ ಅಡ್ರೆಸ್ ಹಾಕಿ ನೀವೇ ನೋಡಿ. ಮನೆ ಗೆರೆಯ ಅಂಚಿನಲ್ಲಿದ್ದರೆ ಹುಷಾರು, ಮೊದಲು ಸರಿಯೋದು ಅಂಚೇ. ರೇಟಿಂಗಿಗಿಂತ, ಕಳೆದ ಐದು ವರ್ಷದಲ್ಲಿ ಶಾಲೆಯ ಮಕ್ಕಳ ಸಂಖ್ಯೆ ಹೇಗೆ ಬದಲಾಗಿದೆ ಅನ್ನೋದು ಹೆಚ್ಚು ಕಥೆ ಹೇಳುತ್ತದೆ. ಇಳಿಯುತ್ತಿದ್ದರೆ ಮುಚ್ಚುವ ಮಾತು ಬರಬಹುದು, ಒಮ್ಮೆಲೇ ಏರಿದ್ದರೆ ಗೆರೆ ಸರಿಯಬಹುದು. ಶಾಲಾ ಕಟ್ಟಡಗಳ ಮುಂದಿನ ಯೋಜನೆ ಇರುವ ಫೆಸಿಲಿಟೀಸ್ ಮಾಸ್ಟರ್ ಪ್ಲ್ಯಾನ್ ಅನ್ನೋ ಬೋರು ಹೊಡೆಸುವ ದಾಖಲೆ ಇದ್ದರೆ ಕಾಫಿ ಮಾಡಿಕೊಂಡು ಕೂತು ಓದಿ. ಮುಂದೆ ಏನಾಗಬಹುದು ಅನ್ನೋದರ ಸುಳಿವು ಅದರಲ್ಲೇ ಸಿಗುತ್ತದೆ.

ಗೆರೆ ಸರಿದರೆ, ಈಗಾಗಲೇ ಓದುತ್ತಿರುವ ಮಗು ಅಲ್ಲೇ ಮುಗಿಸಬಹುದಾ ಅಂತ ಮೊದಲು ಕೇಳಿ. ಇದಕ್ಕೆ ಗ್ರ್ಯಾಂಡ್‌ಫಾದರಿಂಗ್ ಅನ್ನುತ್ತಾರೆ. ತಮ್ಮ, ತಂಗಿಗೂ ಅದು ಅನ್ವಯಿಸುತ್ತಾ, ಬಸ್ ಇರುತ್ತಾ ಅಂತ ಬೇರೆಯಾಗಿಯೇ ಕೇಳಬೇಕು. ಹಳೆಯ ಶಾಲೆ ಬಿಡಬಾರದು ಅಂತ ನೆಂಟರ ಅಡ್ರೆಸ್ ಕೊಡೋದು ಮಾತ್ರ ಬೇಡ. ಊರಿನಲ್ಲಿ ಅದು ಸುಮ್ನೆ ನಡೆದುಹೋಗುತ್ತದೆ. ಇಲ್ಲಿ ತನಿಖೆ ಮಾಡಿ ಮಗುವನ್ನು ಹೊರಗೆ ಕಳಿಸಿ ಫೀಸು ವಸೂಲಿ ಮಾಡುವ ಡಿಸ್ಟ್ರಿಕ್ಟುಗಳಿವೆ. ವೀಸಾದಲ್ಲಿ ಇರುವವರಿಗೆ ಈ ರಗಳೆ ಬೇಕಾ?

ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ‘ನಮಗೆ ಓಟಿಲ್ಲ, ನಮ್ಮ ಮಾತು ಯಾರು ಕೇಳುತ್ತಾರೆ’ ಅಂತ ಕೈಚೆಲ್ಲುತ್ತಾರೆ. ಬೋರ್ಡಿನ ಸಭೆಯಲ್ಲಿ ಮಾತಾಡೋಕೆ ಪೌರತ್ವ ಬೇಕಿಲ್ಲ. ಹೆಸರು ಬರೆಸಿದರೆ ಎರಡೋ ಮೂರೋ ನಿಮಿಷ ಸಿಗುತ್ತದೆ. ನ್ಯೂಯಾರ್ಕ್ ನಗರದಲ್ಲಿ ಝೋನ್ ಗೆರೆಗೆ ಒಪ್ಪಿಗೆ ಕೊಡೋದು ಕಮ್ಯೂನಿಟಿ ಎಜುಕೇಶನ್ ಕೌನ್ಸಿಲ್. ಪೋಷಕರಾದರೆ ಸಾಕು, ಅದರ ಚುನಾವಣೆಯಲ್ಲಿ ಭಾಗವಹಿಸಬಹುದು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2016ರ ಜನಮತದ ನಂತರ ಪೌರರಲ್ಲದ ಪೋಷಕರಿಗೂ ಸ್ಕೂಲ್ ಬೋರ್ಡಿಗೆ ಓಟು ಇದೆ. ಅಲ್ಲಿ ಮಾತ್ರ ವಕೀಲರನ್ನು ಒಂದು ಮಾತು ಕೇಳಿಯೇ ಹೆಸರು ಕೊಡಿ, ಆ ಪಟ್ಟಿ ವಲಸೆ ಇಲಾಖೆಯ ಕಣ್ಣಿಗೆ ಬೀಳಬಹುದು. ಬೇರೆ ಕಡೆ ಸಾಮಾನ್ಯ ಮತದಾರರ ಪಟ್ಟಿಯಲ್ಲಿ ಅಪ್ಪಿತಪ್ಪಿಯೂ ಹೆಸರು ಬರೆಸಬೇಡಿ. ಗ್ರೀನ್ ಕಾರ್ಡಿಗೇ ಕುತ್ತು.

ಶಿಕಾಗೊದಲ್ಲಿ 1995ರಿಂದ ಬೋರ್ಡಿನವರನ್ನು ಮೇಯರೇ ನೇಮಿಸುತ್ತಿದ್ದರು. 2024ರ ನವೆಂಬರ್‌ನಲ್ಲಿ ಮೊದಲ ಸಲ ಹತ್ತು ಜನ ಚುನಾವಣೆಯಲ್ಲಿ ಗೆದ್ದು ಬಂದರು. 2027ರ ಜನವರಿಯಿಂದ 21 ಸದಸ್ಯರೂ ಚುನಾಯಿತರೇ ಆಗಿರಬೇಕು. ಅಲ್ಲಿಯವರೆಗೆ ಶಾಲೆ ಮುಚ್ಚುವುದಿಲ್ಲ ಅಂತ 2024ರಲ್ಲಿ ಬೋರ್ಡು ಠರಾವು ಮಾಡಿತ್ತು. ಬೋರ್ಡಿನ ಚುನಾವಣೆಯಲ್ಲಿ ನಮಗೆ ಓಟಿಲ್ಲ. ಆದರೆ ಬಹುತೇಕ ಪ್ರತಿ ಶಾಲೆಗೂ ಲೋಕಲ್ ಸ್ಕೂಲ್ ಕೌನ್ಸಿಲ್ ಅಂತ ಒಂದಿದೆ, 1988ರ ಕಾನೂನು ಕೊಟ್ಟಿದ್ದು. ಪ್ರಿನ್ಸಿಪಾಲರನ್ನು ಆರಿಸೋದು, ಬಜೆಟ್ಟಿಗೆ ಒಪ್ಪಿಗೆ ಕೊಡೋದು ಅದೇ. ಅದರಲ್ಲಿ ಪೋಷಕರಿಗೆ ಆರು ಸೀಟು, ಬಡಾವಣೆಯವರಿಗೆ ಎರಡು. ಓಟು ಹಾಕೋಕಾಗಲಿ ನಿಲ್ಲೋಕಾಗಲಿ ಪೌರತ್ವ ಕೇಳೋದಿಲ್ಲ. ಎರಡು ವರ್ಷಕ್ಕೊಮ್ಮೆ, ಸರಿಸಂಖ್ಯೆಯ ವರ್ಷಗಳಲ್ಲಿ, ಏಪ್ರಿಲ್ ಹೊತ್ತಿಗೆ ಚುನಾವಣೆ. ಎಷ್ಟೋ ಶಾಲೆಗಳಲ್ಲಿ ಆರು ಸೀಟಿಗೆ ಆರು ಜನ ನಿಲ್ಲೋದೂ ಕಷ್ಟ. ಅರ್ಜಿ ಶಾಲೆಯ ಆಫೀಸಿನಲ್ಲೇ ಸಿಗುತ್ತದೆ, ಮಗುವನ್ನು ಬಿಡೋಕೆ ಹೋದಾಗ ಕೇಳಿದರೆ ಸಾಕು.